ಜೀನ್ ಬಾಯಮ್ಮನ ಮೂರು ಡೇರೆ ಹೂಗಳು

ನೀರಿನ ಕೊಳವೆ ಒಡೆಯಬಹುದಿತ್ತು. ಅಡುಗೆಮನೆಯ ಗ್ಯಾಸ್ ಸೋರಬಹುದಿತ್ತು. ಕೀಲಿಕೈ ಬೀಗದೊಳಗೇ ಮುರಿದು, ನಾನು ಕಿಟಕಿಯ ಬಳಿ ಪರದಾಡುವುದನ್ನು ಕಂಡ ಯಾರೋ ಪೊಲೀಸರಿಗೆ ಫೋನು ಮಾಡಬಹುದಿತ್ತು. ಪೊಲೀಸರು ಬಂದ ಮೇಲೆ, ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದ ನನ್ನ ಇಂಗ್ಲಿಷು ಅಲ್ಲಿಯೇ ಕೈಕೊಡಬಹುದಿತ್ತು. ಗಾಳಿಗೆ, ಹೂಗಳ ಮೇಲೆ ಕಟ್ಟಿದ್ದ ಮೂರು ಕೊಡೆಗಳೂ ಹಾರಿ ಹೋಗಿ ಟ್ರಾಮಿನ ತಂತಿಗೆ ಸಿಕ್ಕಿ, ಒಂದು ಊರಿಗೆ ಊರೇ ಕಚೇರಿಗೆ ತಡವಾಗಿ ಹೋಗಬಹುದಿತ್ತು. ಬಸವನಹುಳು ಹೂಗಳನ್ನು ತಿಂದು ಮುಗಿಸಬಹುದಿತ್ತು, ನರಿ ಬರಬಹುದಿತ್ತು. ಇವೆರಡೂ ಆಗದಿದ್ದರೆ ಎದುರುಮನೆಯ ಕೆನ್ ಎಂಬ ಅತ್ಯಂತ ಸಭ್ಯ ಮನುಷ್ಯ ಅಂಗಿಯ ತೋಳಿನೊಳಗೆ ಕತ್ತರಿ ಅಡಗಿಸಿಕೊಂಡು ಬರಬಹುದಿತ್ತು. ಇಷ್ಟನ್ನೂ ನಾನು ಒಂದು ವಾರದ ಅವಧಿಯಲ್ಲಿ, ಇಂಗ್ಲೆಂಡಿನ ಒಂದು ಸಣ್ಣ ರಸ್ತೆಯಲ್ಲಿ, ಪರರ ಮನೆಯ ಹಿತ್ತಿಲಲ್ಲಿ ನಿಂತುಕೊಂಡು ಯೋಚಿಸಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ.

ಚಿಂತೆ ಮಾಡುವುದು ನನಗೆ ಸ್ವಭಾವ ಮಾತ್ರವಲ್ಲ, ಉದ್ಯೋಗವೂ ಹೌದು. ಉಡುಪಿಯಲ್ಲಿ ಒಂದು ವಿಮಾ ಕಚೇರಿಯಲ್ಲಿ ಕುಳಿತು, ಯಾರ ಅಂಗಡಿಗೆ ಬೆಂಕಿ ಬಿದ್ದೀತು, ಯಾರ ದೋಣಿ ಮಗುಚೀತು, ಯಾರ ಗೋಡೆ ಯಾರ ಕಾರಿನ ಮೇಲೆ ಕುಸಿದೀತು ಎಂದು ಊಹಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳವಿಲ್ಲದ ರಜಾದಿನಗಳಲ್ಲಿ ಅದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆಯಾಗಿ ಮಾಡುತ್ತೇನೆ. ಅಲೆವೂರಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೊರಟು ಉಡುಪಿ ಮುಟ್ಟುವಷ್ಟರಲ್ಲಿ ಗೇಟು ಹಾಕಿದ್ದೇನೋ ಇಲ್ಲವೋ ಎಂದು ಒಮ್ಮೆ, ಹಾಕಿದ್ದರೆ ಹಾಲಿನವನು ಹೇಗೆ ಒಳಗೆ ಬಂದಾನು ಎಂದು ಇನ್ನೊಮ್ಮೆ ತಲೆ ಬಿಸಿ ಮಾಡಿಕೊಳ್ಳುತ್ತೇನೆ. ನಮ್ಮ ಕಡೆ ಇದಕ್ಕೆ ಮಂಡೆಬಿಸಿ ಎಂಬ ಒಳ್ಳೆಯ ಮಾತು ಉಂಟು. ನನ್ನ ಹೆಂಡತಿ ಸುಗುಣ ಅದನ್ನು ನನ್ನ ಹೆಸರಿನ ಬದಲಿಗೆ ಬಳಸುತ್ತಾಳೆ.

ಇಂಥ ನನ್ನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದದ್ದು ಅವಳೇ. ಮಣಿಪಾಲದಲ್ಲಿ ನರ್ಸಿಂಗ್ ಕಲಿಸುವ ಅವಳಿಗೆ ನಾಟಿಂಗ್‌ಹ್ಯಾಮಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ನಾನು ದೀರ್ಘ ರಜೆ ಹಾಕಿ ಹಿಂದೆ ಹೋದೆ. ವೀಸಾದ ಕಾಗದದಲ್ಲಿ ನನ್ನನ್ನು ಅವಳ ಮೇಲೆ ಅವಲಂಬಿತನಾದವನು ಎಂದು ಬರೆದಿದ್ದರು. ಬೆಳ್ಮಣ್ಣಿನಲ್ಲಿರುವ ನನ್ನ ಮಾವ ಅದನ್ನು ಓದಿಸಿ ಕೇಳಿ, "ಇದನ್ನು ತಿಳಿಯಲಿಕ್ಕೆ ಅವರಿಗೆ ಇಷ್ಟೆಲ್ಲ ದಾಖಲೆ ಬೇಕಾಯಿತಾ? ನನ್ನ ಹತ್ರ ಕೇಳಿದ್ದರೆ ಹೇಳುತ್ತಿದ್ದೆ" ಎಂದರು.

ನಾವು ಇದ್ದದ್ದು ಬೀಸ್ಟನ್ ಎಂಬಲ್ಲಿ. ಊರಿಗೆ ಬಂದ ಮೇಲೆ, ಕಾಪುವಿನಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಯವರು "ಅಲ್ಲಿ ಹೇಗುಂಟು ಮಾರಾಯ್ರೆ?" ಎಂದು ಕೇಳಿದರು. ಕೇಳುವವರಿಗೆ ಅರಮನೆ, ಸೇತುವೆ, ದೊಡ್ಡ ಗಡಿಯಾರ ಬೇಕು. ನಮ್ಮ ರಸ್ತೆಯಲ್ಲಿ ಇದ್ದದ್ದು ಕೆಂಪು ಇಟ್ಟಿಗೆಯ ಮನೆಗಳ ಎರಡು ಸಾಲು. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು, ಬಸ್ಸಿನಲ್ಲಿ ಸೀಟು ಸಿಕ್ಕಿದವರ ಹಾಗೆ ಮೊಣಕೈ ಅಲ್ಲಾಡಿಸದೆ ಕುಳಿತಿದ್ದವು. ಪ್ರತಿ ಮನೆಯ ಮುಂದೆ ಮೂರು ಬಣ್ಣದ ಕಸದ ಡಬ್ಬಿಗಳು. ಯಾವ ವಾರ ಯಾವ ಬಣ್ಣವನ್ನು ಹೊರಗಿಡಬೇಕು ಎಂಬುದು ಅಲ್ಲಿನ ಪಂಚಾಂಗ. ನಾನು ಮೊದಲ ತಿಂಗಳು ಅದನ್ನು ತಿಳಿದುಕೊಂಡದ್ದು ಕಿಟಕಿಯ ಪರದೆಯ ಸಂದಿಯಿಂದ ಎದುರುಮನೆಯವರನ್ನು ನೋಡಿ. ಆಮೇಲೆ ತಿಳಿಯಿತು, ಎದುರುಮನೆಯ ಕೆನ್ ಕೂಡ ತಮ್ಮ ಪರದೆಯ ಸಂದಿಯಿಂದ ನಮ್ಮ ಡಬ್ಬಿಯನ್ನು ನೋಡಿಯೇ ತಮ್ಮದನ್ನು ಇಡುತ್ತಿದ್ದರಂತೆ. ಒಂದು ವಾರ ನಾವಿಬ್ಬರೂ ಸೇರಿ ಇಡೀ ರಸ್ತೆಗೆ ತಪ್ಪು ಡಬ್ಬಿ ಇಡಿಸಿದ್ದೆವು.

ರಸ್ತೆಯ ಕೊನೆಗೆ ನಡೆದರೆ ಒಂದು ಕಾಲುವೆ, ಅದರಲ್ಲಿ ಉದ್ದುದ್ದ ದೋಣಿಗಳು, ದೋಣಿಗಳ ಮೇಲೆ ಹೂಕುಂಡಗಳು. ಇನ್ನೊಂದು ಕಡೆಗೆ ನಡೆದರೆ ಟ್ರಾಮು. ಇವೆರಡರ ನಡುವೆ ಮೌನ. ಅಲೆವೂರಿನಲ್ಲಿ ಪಕ್ಕದ ಮನೆಯ ಕುಕ್ಕರು ಎಷ್ಟು ಸೀಟಿ ಹಾಕಿತು ಎಂಬುದರಿಂದ ಅವರಿಗೆ ಇವತ್ತು ಬೇಳೆಯೋ ಕಡಲೆಯೋ ಎಂದು ಹೇಳಬಲ್ಲವನು ನಾನು. ಅಲ್ಲಿ ಗೋಡೆಗೆ ಗೋಡೆ ತಾಗಿದ್ದರೂ ಪಕ್ಕದವರು ಬದುಕಿದ್ದಾರೆಂಬುದಕ್ಕೆ ಸಾಕ್ಷಿ ಸಿಗುತ್ತಿರಲಿಲ್ಲ. ಅದೂ ನನಗೆ ಒಂದು ಚಿಂತೆಯಾಗಿ, ಒಂದು ದಿನ ಗೋಡೆಗೆ ಕಿವಿ ಇಟ್ಟು ನಿಂತಿದ್ದೆ. ಸುಗುಣ ನೋಡಿ, "ಅವರೂ ಆ ಕಡೆಯಿಂದ ಕಿವಿ ಇಟ್ಟಿದ್ದರೆ ಇಬ್ಬರಿಗೂ ಎಂತ ಕೇಳಬೇಕು?" ಎಂದಳು.

ಆ ಗೋಡೆಯ ಆಚೆ ಇದ್ದವರೇ ಜೀನ್ ಬಾಯಮ್ಮ. ನಿಜವಾಗಿ ಅವರು ಬರಿಯ ಜೀನ್. ನಮ್ಮ ಊರಲ್ಲಿ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎನ್ನುವ ರೂಢಿ. ಎಪ್ಪತ್ತು ದಾಟಿದವರನ್ನು ಬರಿಯ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಅವರ ಎದುರು "ಜೀನ್" ಎನ್ನುತ್ತಿದ್ದೆ, ಆಮೇಲೆ ಮನಸ್ಸಿನಲ್ಲೇ "ಬಾಯಮ್ಮ" ಸೇರಿಸಿಕೊಳ್ಳುತ್ತಿದ್ದೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿಯೇ. ಆದರೆ ಬಾಯಮ್ಮ ಎಂದ ಮೇಲೆ ಅವರು ನನ್ನ ತಲೆಯೊಳಗೆ ಮಾತಾಡಿದ್ದು ನಮ್ಮ ಊರ ಕನ್ನಡದಲ್ಲಿ. ಇಲ್ಲಿಯೂ ಹಾಗೆಯೇ ಹೇಳುತ್ತೇನೆ.

ಮಕ್ಕಳಿಗೆ ಈಜು ಕಲಿಸಿ ನಿವೃತ್ತರಾದ ಜೀನ್ ಬಾಯಮ್ಮನಿಗೆ ಯಾವುದಕ್ಕೂ ಹೆದರಿಕೆ ಇರಲಿಲ್ಲ. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಮರದ ಬೇಲಿ. ಬೇಲಿಗೆ ತಾಗಿದಂತೆ ಅವರು ಡೇರೆ ಹೂವಿನ ಗಿಡಗಳನ್ನು ನೆಟ್ಟಿದ್ದರು. ಡೇರೆ ನಮ್ಮಲ್ಲೂ ಉಂಟು, ಆದರೆ ನಾವು ಅದನ್ನು ನೆಟ್ಟು ಮರೆಯುತ್ತೇವೆ. ಅವರು ಅದನ್ನು ಸಾಕಿದ್ದರು. ಗಡ್ಡೆಗಳು ತೀರಿಕೊಂಡ ಗಂಡನವು. ಪ್ರತಿವರ್ಷ ಅಲ್ಲಿನ ಚರ್ಚಿನ ಸಭಾಂಗಣದಲ್ಲಿ ಹೂ ತರಕಾರಿಗಳ ಪ್ರದರ್ಶನ ಆಗುತ್ತದೆ. ಅದರಲ್ಲಿ ಒಂದು ಸ್ಪರ್ಧೆ: ಒಂದೇ ಹೂದಾನಿಯಲ್ಲಿ ಮೂರು ಡೇರೆ ಹೂಗಳು, ಮೂರೂ ಒಂದೇ ಜಾತಿ, ಒಂದೇ ಗಾತ್ರ, ಒಂದೇ ಬಣ್ಣ, ಒಂದನ್ನು ನೋಡಿ ಇನ್ನೊಂದನ್ನು ಮಾಡಿದ ಹಾಗೆ ಇರಬೇಕು. ಗಂಡ ಬದುಕಿರುವಾಗಲೂ ಆಮೇಲೂ ಅದರಲ್ಲಿ ಮೊದಲ ಬಹುಮಾನ ಕೆನ್ ಅವರಿಗೇ.

"ಸಾಯುವುದರೊಳಗೆ ಒಮ್ಮೆ ಅವನನ್ನು ಸೋಲಿಸಬೇಕು" ಎಂದು ಜೀನ್ ಬಾಯಮ್ಮ ಬೇಲಿಯ ಮೇಲೆ ಕೈಯೂರಿ ಹೇಳಿದರು. "ನಾನು ಸಾಯುವುದರೊಳಗೆ ಅಲ್ಲ. ಅವನು ಸಾಯುವುದರೊಳಗೆ. ಅವನಿಗೆ ಗೊತ್ತಾಗಬೇಕಲ್ಲ."

ಆ ವರ್ಷ ಅವರ ಗಿಡದಲ್ಲಿ ಮೂರು ಬಿಳಿ ಹೂಗಳು, ಊಟದ ಬಟ್ಟಲಿನಷ್ಟು ದೊಡ್ಡವು, ತ್ರಿವಳಿಗಳ ಹಾಗೆ ಬರುತ್ತಿದ್ದವು. ಮಳೆಹನಿ ಬಿದ್ದರೆ ಬಿಳಿ ಎಸಳು ಕಲೆಯಾಗುತ್ತದೆಂದು ಅವರು ಒಂದೊಂದು ಹೂವಿನ ಪಕ್ಕದಲ್ಲಿ ಕೋಲು ನೆಟ್ಟು, ಕೋಲಿಗೆ ಒಂದೊಂದು ಕೊಡೆ ಬಿಚ್ಚಿ ಕಟ್ಟಿದ್ದರು. ನಮ್ಮಲ್ಲಿ ಉತ್ಸವದ ದಿನ ದೇವರಿಗೆ ಮಾತ್ರ ಸಿಗುವ ಮರ್ಯಾದೆ. ಮಳೆ ಬಂದಾಗ ಊರಿನ ಜನ ನೆನೆದುಕೊಂಡು ಓಡುತ್ತಿದ್ದರೆ ಈ ಮೂವರು ಒಂದು ಹನಿಯೂ ತಾಗದೆ ನಿಂತಿರುತ್ತಿದ್ದರು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ವೇಲ್ಸಿನಲ್ಲಿದ್ದ ಅವರ ತಂಗಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಜೀನ್ ಬಾಯಮ್ಮ ಒಂದು ಚೀಲ, ಒಂದು ಕೀಲಿಕೈ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಬಂದುಬಿಡುತ್ತೇನೆ. ಅಲ್ಲಿಯವರೆಗೆ ಮೂವರನ್ನೂ ನೀವು ನೋಡಿಕೊಳ್ಳಬೇಕು. ನೀವು ಜಾಗ್ರತೆಯ ಮನುಷ್ಯ ಅಂತ ನೋಡಿದರೇ ಗೊತ್ತಾಗುತ್ತದೆ."

ನನ್ನ ಜೀವಮಾನದಲ್ಲಿ ಯಾರೂ ನನ್ನ ಮಂಡೆಬಿಸಿಯನ್ನು ಜಾಗ್ರತೆ ಎಂದು ಕರೆದಿರಲಿಲ್ಲ. ಕೀಲಿಕೈ ತೆಗೆದುಕೊಳ್ಳುವಾಗ ಎದೆ ಸ್ವಲ್ಪ ಮುಂದೆ ಬಂದದ್ದು ನನಗೇ ತಿಳಿಯಿತು. ಒಳಗಿನಿಂದ ಸುಗುಣ ಕೆಮ್ಮಿದಳು.

ಆ ವಾರದ ನನ್ನ ಕೆಲಸವನ್ನು ನಾನು ಹೊಗಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೊಗಳದ ಕಾರಣ ಹೇಳುತ್ತೇನೆ: ಚೆನ್ನಾಗಿತ್ತು. ಬೆಳಗ್ಗೆ ಎದ್ದ ಕೂಡಲೇ ಬೇಲಿಯ ಬಳಿ ಹೋಗಿ ಮೂರು ಹೂಗಳನ್ನೂ ಕೆಳಗಿನಿಂದ, ಮೇಲಿನಿಂದ ನೋಡುತ್ತಿದ್ದೆ. ಬುಡಕ್ಕೆ ಮಾತ್ರ ನೀರು, ಎಲೆಗೆ ತಾಗಬಾರದು. ಬಸವನಹುಳುಗಳನ್ನು ಹೆಕ್ಕಿ ಡಬ್ಬಿಯಲ್ಲಿ ಹಾಕಿ ಕಾಲುವೆಯ ಬದಿಗೆ ಬಿಟ್ಟು ಬರುತ್ತಿದ್ದೆ. ಬಿಟ್ಟು ಬಂದವೇ ತಿರುಗಿ ಬರುತ್ತಿವೆಯೇನೋ ಎಂಬ ಅನುಮಾನ ಬಂದು, ಆಮೇಲೆ ಕಾಲುವೆಯ ಆಚೆ ದಡಕ್ಕೆ ಬಿಡತೊಡಗಿದೆ. ಗಾಳಿ ಬಂದರೆ ಓಡಿಹೋಗಿ ಕೊಡೆಗಳ ದಾರ ಬಿಗಿ ಮಾಡುತ್ತಿದ್ದೆ. ಒಂದು ಸಂಜೆ ಮಳೆ ಓರೆಯಾಗಿ ಬಂದು, ಕೊಡೆಯ ಅಡಿಗೆ ಇನ್ನೊಂದು ಕೊಡೆ ಹಿಡಿದುಕೊಂಡು ನಿಂತೆ. ನಾನು ಪೂರ್ತಿ ಒದ್ದೆಯಾದೆ. ಹೂಗಳಿಗೆ ಏನೂ ಆಗಲಿಲ್ಲ.

ಇದರ ನಡುವೆ ಕೆನ್. ದಿನಾ ಬೆಳಗ್ಗೆ ನಾಯಿಯನ್ನು ಕರೆದುಕೊಂಡು ನಮ್ಮ ಹಿತ್ತಿಲ ಹಿಂದಿನ ಓಣಿಯಲ್ಲಿ ಹೋಗುವವರು, ಆ ವಾರ ನಾಯಿಗೆ ನಿಲ್ಲಬೇಕೆಂಬ ಆಸೆ ಇಲ್ಲದಿದ್ದರೂ ನಿಲ್ಲುತ್ತಿದ್ದರು.

"ಚೆನ್ನಾಗಿ ಬಂದಿವೆ" ಎಂದರು ಒಂದು ದಿನ.

"ಹೌದು" ಎಂದೆ, ಹೂಗಳಿಗೂ ಅವರಿಗೂ ನಡುವೆ ನಿಂತು.

"ಎಡಗಡೆಯದು ಸ್ವಲ್ಪ ಬಾಗಿದೆ, ಅಲ್ವಾ? ನಿಮ್ಮ ಕಡೆಗೆ."

"ಅದು ನನ್ನನ್ನು ಗುರುತು ಹಿಡಿಯುತ್ತದೆ" ಎಂದೆ. ಅವರು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ ಹೋದರು. ಅವರು ಇಷ್ಟು ಸಭ್ಯರಾಗಿರುವುದರ ಹಿಂದೆ ಏನೋ ಉಂಟು ಎಂದು ನಾನು ಊಟಕ್ಕೆ ಕುಳಿತಾಗ ಸುಗುಣನಿಗೆ ಹೇಳಿದೆ. ಅವಳು ಸಾರು ಬಡಿಸುತ್ತಿದ್ದಳು.

ಇಲ್ಲಿ ನಾನು ನಮ್ಮ ಊರಿನ ಒಂದು ಕಾನೂನನ್ನು ಹೇಳಲೇಬೇಕು. ಅದು ಯಾವ ಪುಸ್ತಕದಲ್ಲೂ ಇಲ್ಲ. ಕಂಪೌಂಡಿನಿಂದ ಹೊರಗೆ ಬಾಗಿದ ಹೂ, ಬೆಳಗ್ಗೆ ಯಾರು ಮೊದಲು ಏಳುತ್ತಾರೋ ಅವರದು. ಅವರದೂ ಅಲ್ಲ, ಅವರ ಮನೆಯ ದೇವರದು. ಹಾಗಾಗಿ ಅದು ಕಳವಲ್ಲ. ಅಲೆವೂರಿನಲ್ಲಿ ನಮ್ಮ ಮನೆಯ ಮುಂದೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಪ್ಲಾಸ್ಟಿಕ್ ಚೀಲ ಮತ್ತು ಕೊಕ್ಕೆ ಕೋಲು ಹಿಡಿದು ಬೆಳಗಿನ ವಾಕಿಂಗ್ ಬರುತ್ತಾರೆ. ನಮ್ಮ ದಾಸವಾಳದ ಗೆಲ್ಲನ್ನು ಕೊಕ್ಕೆಯಿಂದ ಎಳೆದು, ಬೇಕಾದಷ್ಟು ಕೊಯ್ದು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಈ ಸಲ ಗೊಬ್ಬರ ಹಾಕಲಿಲ್ಲವಾ? ಹೂ ಸಣ್ಣ ಆಗಿದೆ" ಎಂದು ಗದರುತ್ತಾರೆ. ನಾನು ತಪ್ಪಾಯಿತೆಂದು ಹೇಳಿ ಆ ಭಾನುವಾರವೇ ಗೊಬ್ಬರ ಹಾಕುತ್ತೇನೆ. ಬೆಳ್ಮಣ್ಣಿನಲ್ಲಿ ನನ್ನ ಅತ್ತೆ, ಅಂದರೆ ಸುಗುಣನ ಅಮ್ಮ, ಗೋಡೆಯ ಹೊರಗಿನವರಿಗೆಂದೇ ಒಂದು ಸಾಲು ನಂದಬಟ್ಟಲು ಬೇರೆ ನೆಟ್ಟಿದ್ದಾರೆ. ಆ ಸಾಲಿನಿಂದ ಯಾರೂ ಕೊಯ್ಯುವುದಿಲ್ಲ, ಒಳಗಿನದ್ದೇ ಬೇಕು ಎಂಬುದು ಅವರ ದೂರು. ಸುಗುಣ ಬೆಳೆದದ್ದು ಈ ಕಾನೂನಿನ ಅಡಿಯಲ್ಲಿ.

ಪ್ರದರ್ಶನದ ಹಿಂದಿನ ದಿನ ಚೌತಿ. ಲೆಸ್ಟರಿನ ಅಂಗಡಿಯಿಂದ ಅಂಗೈಯಗಲದ ಒಂದು ಮಣ್ಣಿನ ಗಣಪತಿಯನ್ನು ಮೊದಲೇ ತಂದಿಟ್ಟಿದ್ದೆವು. ಸುಗುಣ ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಬಂದವಳು ಸ್ನಾನ ಮಾಡಿ, ಕಡುಬಿಗೆ ಹಿಟ್ಟು ಕಲಸಿ, "ಗರಿಕೆ ಇಲ್ಲದೆ ಗಣಪತಿ ಪೂಜೆಯಾ? ಕಾಲುವೆ ಬದಿಯಲ್ಲಿ ಹುಲ್ಲು ಉಂಟಲ್ಲ, ನೋಡಿಕೊಂಡು ಬನ್ನಿ" ಎಂದು ನನ್ನನ್ನು ಕಳಿಸಿದಳು. ನಾನು ಹೂಗಳನ್ನು ಒಮ್ಮೆ ನೋಡಿ, ಓಣಿಯಲ್ಲಿ ಕೆನ್ ಇಲ್ಲವೆಂದು ಖಚಿತ ಮಾಡಿಕೊಂಡು ಹೊರಟೆ. ಇಂಗ್ಲೆಂಡಿನಲ್ಲಿ ಹುಲ್ಲಿಗೆ ಬರವಿಲ್ಲ, ಗರಿಕೆಗೆ ಬರ. ಎಲ್ಲವೂ ಗರಿಕೆಯ ಹಾಗೆ ಕಂಡು, ಹತ್ತಿರ ಹೋದರೆ ಯಾವುದೂ ಆಗಿರುವುದಿಲ್ಲ. ನಾನು ಮೊಣಕಾಲೂರಿ ಒಂದೊಂದೇ ಎಸಳು ನೋಡುತ್ತಿರುವಾಗ ದೋಣಿಯಲ್ಲಿದ್ದ ಒಬ್ಬರು ಏನಾದರೂ ಕಳೆದುಹೋಯಿತೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಹಿಂದೆ ಬರುವಾಗ ಪೂಜೆ ಮುಗಿದಿತ್ತು. ಗರಿಕೆಗೆ ಕಾದು ಸಾಕಾಗಿ ಸುಗುಣ ಇದ್ದುದರಲ್ಲೇ ಅರ್ಚನೆ ಮಾಡಿ ಆರತಿ ಎತ್ತಿದ್ದಳು. ಗಣಪತಿ ಮೇಜಿನ ಮೇಲೆ ಕಡುಬಿನ ತಟ್ಟೆಯ ಎದುರು ಪ್ರಸನ್ನನಾಗಿ ಕುಳಿತಿದ್ದ. ಅವನ ಬೆನ್ನ ಹಿಂದೆ, ಒಂದು ನೀರಿನ ಲೋಟದಲ್ಲಿ, ಬೆಳ್ಳಿಯ ಪ್ರಭಾವಳಿಯ ಹಾಗೆ, ಊಟದ ಬಟ್ಟಲಿನಷ್ಟು ದೊಡ್ಡ ಒಂದು ಬಿಳಿ ಡೇರೆ ಹೂ ನಿಂತಿತ್ತು.

"ಇದು ಎಲ್ಲಿಂದ?" ಎಂದೆ.

"ಬೇಲಿಯಿಂದ."

"ಬೇಲಿಯ ಯಾವ ಕಡೆಯಿಂದ?"

"ನಮ್ಮ ಕಡೆಗೆ ಬಾಗಿತ್ತು. ಕೊಡೆ ಬೇರೆ ಹಿಡಿದಿದ್ದರು. ಕೊಡೆ ಹಿಡಿಯುವುದು ದೇವರಿಗಲ್ಲದೆ ಮತ್ತೆ ಯಾರಿಗೆ ಅಂತ ಕೊಯ್ದೆ. ನಮ್ಮ ಗಣಪತಿ ಸಣ್ಣ, ಹೂ ದೊಡ್ಡ; ಹಾಗೆ ಉದ್ದ ತೊಟ್ಟು ಇಟ್ಟು ಕತ್ತರಿಸಿ ಹಿಂದೆ ನಿಲ್ಲಿಸಿದ್ದೇನೆ. ಚಂದ ಕಾಣುತ್ತದಲ್ಲ?"

"ಅದು ಪ್ರದರ್ಶನದ ಹೂ, ಮಾರಾಯ್ತಿ."

"ಯಾವ ಪ್ರದರ್ಶನ?"

"ವಾರವಿಡೀ ಹೇಳಿದೆನಲ್ಲ."

"ವಾರವಿಡೀ ನೀವು ಎಂತೆಂತದೋ ಹೇಳಿದ್ದೀರಿ. ಗ್ಯಾಸ್ ಅಂದಿರಿ, ನರಿ ಅಂದಿರಿ, ಟ್ರಾಮಿನ ತಂತಿ ಅಂದಿರಿ. ಅದರಲ್ಲಿ ಯಾವುದು ಕೇಳುವಂಥದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?"

ನಾನು ಮೇಜಿನ ಬಳಿಗೆ ಹೋದೆ. ಕೈ ಲೋಟದ ಕಡೆಗೆ ಹೋಯಿತು. ಸುಗುಣ ಅಡ್ಡ ನಿಂತಳು.

"ಪೂಜೆ ಆಗಿದೆ. ಸಂಜೆ ದೇವರನ್ನು ಕದಲಿಸುವ ಮೊದಲು ಇಟ್ಟ ಹೂ ತೆಗೆಯುವುದಾ? ನಿಮ್ಮ ಅಮ್ಮನಿಗೆ ಗೊತ್ತಾದರೆ ಎಂತ ಹೇಳ್ತಾರೆ?"

"ಅಮ್ಮ ಕಾರ್ಕಳದಲ್ಲಿದ್ದಾರೆ."

"ಗಣಪತಿ ಇಲ್ಲೇ ಇದ್ದಾನಲ್ಲ."

ಹೇಳಲಿಕ್ಕೆ ಅವಳು ಗಟ್ಟಿಯಾಗಿ ಹೇಳಿದಳು, ಆದರೆ ಕಿಟಕಿಯಿಂದ ಬೇಲಿಯ ಕಡೆಗೆ ನೋಡಿದಾಗ ಅವಳ ಮುಖವೂ ಸಣ್ಣದಾಯಿತು. ಅಲ್ಲಿ ಎರಡು ಹೂಗಳು ತಮ್ಮ ತಮ್ಮ ಕೊಡೆಯ ಅಡಿಯಲ್ಲಿದ್ದವು. ಮೂರನೆಯ ಕೊಡೆ ಖಾಲಿ ಜಾಗಕ್ಕೆ ನೆರಳು ಕೊಡುತ್ತಿತ್ತು.

ಮಧ್ಯಾಹ್ನದವರೆಗೆ ನಾನು ಇಂಗ್ಲಿಷಿನಲ್ಲಿ ಕ್ಷಮಾಪಣೆಯ ಭಾಷಣ ತಯಾರಿಸಿದೆ. ಹೂವಿನ ಮಹತ್ವ, ನಮ್ಮ ಸಂಸ್ಕೃತಿ, ಕಂಪೌಂಡಿನ ಕಾನೂನು, ಹೆಡ್‌ಮಾಸ್ತರರ ಕೊಕ್ಕೆ, ಎಲ್ಲವೂ ಅದರಲ್ಲಿ ಇತ್ತು. ಗೇಟಿನ ಸದ್ದಾಗಿ ಜೀನ್ ಬಾಯಮ್ಮ ಕೆಳಗಿಳಿಸಿದ ಚೀಲವನ್ನು ಎತ್ತುವ ಮೊದಲೇ ನಾನು ಎದುರು ನಿಂತೆ. ಭಾಷಣದ ಮೊದಲ ವಾಕ್ಯವೇ ಮರೆತುಹೋಗಿ, "ಒಂದು ಹೂ ನಮ್ಮ ದೇವರ ಹತ್ತಿರ ಇದೆ" ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು. ಬೇಲಿಯ ಕಡೆ ನೋಡಿದರು. ಆ ಹೊತ್ತಿನಲ್ಲಿ ಅವರ ಮುಖದ ಮೇಲಿದ್ದುದನ್ನು ನಾನು ಇನ್ನೂ ಮರೆತಿಲ್ಲ. ನೀರಿನಲ್ಲಿ ಮಗು ಮುಳುಗಿದ್ದನ್ನು ಕಂಡ ಈಜುಗುರುವಿನ ಮುಖ ಹಾಗಿರಬೇಕು.

"ತೊಟ್ಟು ಎಷ್ಟು ಉದ್ದ ಉಂಟು?" ಎಂದು ಕೇಳಿದರು.

ನಾನು ಕೈಯಲ್ಲಿ ತೋರಿಸಿದೆ. ಅವರು ಸೀದಾ ನಮ್ಮ ಮನೆಗೆ ಬಂದು, ಹೊಸ್ತಿಲಲ್ಲಿ ಚಪ್ಪಲಿಗಳನ್ನು ಕಂಡು ತಮ್ಮ ಬೂಟನ್ನೂ ಕಳಚಿ, ಗಣಪತಿಯ ಮುಂದೆ ಬಗ್ಗಿ, ಲೋಟದ ನೀರಿನ ಮಟ್ಟ ನೋಡಿದರು. ಸುಗುಣ ಕಡುಬಿನ ತಟ್ಟೆ ಹಿಡಿದು ಶಾಲೆಯ ಹುಡುಗಿಯ ಹಾಗೆ ನಿಂತು, ಸಂಜೆ ದೇವರು ಹೊರಡುವವರೆಗೆ ಹೂ ತೆಗೆಯುವಂತಿಲ್ಲ ಎಂದಳು.

"ನೀರು ಉಂಟು. ಬಿಸಿಲು ಇಲ್ಲ. ಹೇಗೂ ನಾನು ಇವತ್ತು ಸಂಜೆಯೇ ಮೂರನ್ನೂ ಕೊಯ್ದು ನೀರಲ್ಲಿ ಇಡುವವಳಿದ್ದೆ" ಎಂದರು ಜೀನ್ ಬಾಯಮ್ಮ. ಆಮೇಲೆ ಗಣಪತಿಯ ಕಡೆ ಗೌರವದಿಂದ ಕೈ ತೋರಿಸಿ, "ಇವರು ಎಷ್ಟು ಹೊತ್ತಿಗೆ ಹೊರಡುತ್ತಾರೆ?"

"ಸಂಜೆ ಆರಕ್ಕೆ" ಎಂದಳು ಸುಗುಣ.

"ಹಾಗಾದರೆ ಆರಕ್ಕೆ ಬರುತ್ತೇನೆ. ಅವಸರ ಮಾಡಬೇಡಿ ಅಂತ ಹೇಳಿ. ಈ ಬಿಳಿ ಉಂಡೆಯ ಒಳಗೆ ಎಂತ ಉಂಟು?"

ಬೆಲ್ಲ ತೆಂಗಿನಕಾಯಿ ಎಂದು ಹೇಳಿ ಸುಗುಣ ಎರಡು ಕೊಟ್ಟಳು. ಅವರು ಮೂರು ತಿಂದರು.

ಸಂಜೆ ಗಣಪತಿಯನ್ನು ಬಿಡಲು ನಾವು ಬಕೆಟು ತಂದರೆ ಜೀನ್ ಬಾಯಮ್ಮ, "ಅದರಲ್ಲಿ ಅವರಿಗೆ ಕಾಲು ಚಾಚಲಿಕ್ಕೂ ಆಗುವುದಿಲ್ಲ" ಎಂದು ತಮ್ಮ ಹಿತ್ತಿಲ ಮಳೆನೀರಿನ ಪೀಪಾಯಿಯ ಮುಚ್ಚಳ ತೆಗೆದರು. ನಾನು ಜಾಗಟೆಯ ಬದಲು ಸ್ಟೀಲಿನ ತಟ್ಟೆ ಬಡಿದೆ. ಪಕ್ಕದವರಿಗೆ ತೊಂದರೆ ಆದೀತೆಂದು ಮೆಲ್ಲಗೆ ಬಡಿದೆ. ಓಣಿಯಲ್ಲಿ ಕೆನ್ ನಾಯಿಯೊಂದಿಗೆ ನಿಂತು, ಏನು ನಡೆಯುತ್ತಿದೆ ಎಂದು ಕೇಳಿದರು. "ಅತಿಥಿಯನ್ನು ಕಳಿಸಿಕೊಡುತ್ತಿದ್ದೇವೆ" ಎಂದರು ಜೀನ್ ಬಾಯಮ್ಮ. ಕೆನ್ ಟೋಪಿ ತೆಗೆದು, ಮುಗಿಯುವವರೆಗೆ ನಿಂತರು. ಅವರ ಮೇಲೆ ನಾನು ವಾರವಿಡೀ ಇಟ್ಟಿದ್ದ ಅನುಮಾನ ಆಗ ಸ್ವಲ್ಪ ನಾಚಿಕೊಂಡಿತು. ಸುಗುಣ ಹೂವನ್ನು ಎರಡು ಕೈಯಲ್ಲಿ ಎತ್ತಿ, ಪ್ರಸಾದವೆಂದು ಜೀನ್ ಬಾಯಮ್ಮನಿಗೆ ಕೊಟ್ಟಳು. ಪ್ರಸಾದವನ್ನು ಸ್ಪರ್ಧೆಗೆ ಇಡಬಹುದೇ ಎಂದು ನನಗೆ ಹೊಸ ಚಿಂತೆ ಹುಟ್ಟಿತು. "ಕೊಟ್ಟಾಯಿತಲ್ಲ. ಅವರು ತಲೆಗೆ ಇಡಲಿ, ಹೂದಾನಿಗೆ ಇಡಲಿ, ನಿಮಗೆ ಎಂತ?" ಎಂದಳು ಸುಗುಣ.

ಮರುದಿನ ಚರ್ಚಿನ ಸಭಾಂಗಣದಲ್ಲಿ ಕುಂಬಳಕಾಯಿ, ಈರುಳ್ಳಿ, ಜಾಮಿನ ಬಾಟಲಿಗಳ ಸಾಲು ದಾಟಿ ನಾವು ಡೇರೆಯ ಮೇಜಿಗೆ ಬಂದೆವು. ತೀರ್ಪುಗಾರರು ನೋಡಿ ಹೋಗಿದ್ದರು. ಕೆನ್ ಅವರ ನೇರಳೆ ಹೂಗಳ ಮುಂದೆ ಮೊದಲ ಬಹುಮಾನದ ಚೀಟಿ. ಜೀನ್ ಬಾಯಮ್ಮನ ಬಿಳಿ ಹೂಗಳ ಮುಂದೆ ಎರಡನೆಯದು. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದರು: ಮೂರೂ ಅತ್ಯುತ್ತಮ, ಆದರೆ ಒಂದರ ಒಳ ಎಸಳಿನಲ್ಲಿ ಕೆಂಪು ಚುಕ್ಕೆ ಇರುವುದರಿಂದ ಹೊಂದಿಕೆ ಇಲ್ಲ. ರೋಗವಿರಬಹುದೇ ಎಂದು ಗಮನಿಸುವುದು.

ನಾವು ಮೂವರೂ ತಲೆ ಸೇರಿಸಿ ಬಗ್ಗಿದೆವು. ಒಳಗಿನ ಒಂದು ಎಸಳಿನ ತುದಿಯಲ್ಲಿ, ಸಾಸಿವೆಗಿಂತ ಸಣ್ಣದಾಗಿ, ಕುಂಕುಮ. ಅರ್ಚನೆ ಮಾಡುವಾಗ ಸುಗುಣನ ಬೆರಳಿನಿಂದ ಹಾರಿದ್ದು. ಗ್ಯಾಸ್, ನರಿ, ಗಾಳಿ, ಪೊಲೀಸರು ಎಲ್ಲರಿಂದಲೂ ನಾನು ಕಾಪಾಡಿದ ಹೂ.

ಜೀನ್ ಬಾಯಮ್ಮ ಚೀಟಿಯನ್ನು ಓದಿದರು, ಚುಕ್ಕೆಯನ್ನು ನೋಡಿದರು, ಕೆನ್ ಅವರ ಹೂಗಳನ್ನು ನೋಡಿದರು. ಸುಗುಣನ ಕಣ್ಣು ತುಂಬಿತ್ತು. ನನಗೆ ಹಿಂದಿನ ದಿನ ಮರೆತುಹೋಗಿದ್ದ ಭಾಷಣ ಮತ್ತೆ ನೆನಪಾಗಿ, ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಮುಂದಿನ ಸಲ ಮೂರನ್ನೂ ನಿಮ್ಮ ದೇವರ ಹತ್ತಿರ ಇಡುವ" ಎಂದರು ಸುಗುಣನಿಗೆ. "ಮೂರಕ್ಕೂ ಒಂದೊಂದು ಚುಕ್ಕೆ ಹಾಕು. ಆಗ ಹೊಂದಿಕೆ ಆಗುತ್ತದೆ."

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರೋಗ ಎಂಬ ಒಂದು ಶಬ್ದ ಆ ಚೀಟಿಯಿಂದ ಹೊರಬಿದ್ದು ನಮ್ಮ ರಸ್ತೆಗೆ ಬಂದಿತ್ತು. ಮರುದಿನ ಬೆಳಗ್ಗೆ ನೋಡುತ್ತೇನೆ, ಕೆನ್ ತಮ್ಮ ಅಂಗಳದಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಎಲೆಯನ್ನು ಮೇಲಿನಿಂದ, ಕೆಳಗಿನಿಂದ ನೋಡುತ್ತಿದ್ದಾರೆ. ಗೆದ್ದ ಮನುಷ್ಯನ ಮುಖವಲ್ಲ ಅದು. ಆ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತೇನೆ. ಜೀನ್ ಬಾಯಮ್ಮ ಬೇಲಿಯ ಬಳಿ ಚಹಾ ಕುಡಿಯುತ್ತಾ, "ಇಷ್ಟು ವರ್ಷದಲ್ಲಿ ನನ್ನ ಹೂ ಅವನ ನಿದ್ದೆ ಕೆಡಿಸಿದ್ದು ಇದೇ ಮೊದಲು. ಹೇಳಬೇಡಿ ಆಯ್ತಾ? ಒಂದು ವಾರವಾದರೂ ಇರಲಿ" ಎಂದರು. ಬಹುಮಾನ ಬಂದಿದ್ದರೂ ಅವರು ಅಷ್ಟು ಖುಷಿ ಪಡುತ್ತಿದ್ದರೋ ಇಲ್ಲವೋ.

ನಾನು ಎರಡು ದಿನ ತಡೆದೆ. ಮೂರನೆಯ ದಿನ, ಒಬ್ಬ ಮಂಡೆಬಿಸಿಯವನ ಕಷ್ಟವನ್ನು ಇನ್ನೊಬ್ಬ ನೋಡುತ್ತಾ ನಿಲ್ಲಬಾರದೆಂದು ರಸ್ತೆ ದಾಟಿ ಹೋಗಿ, ಕುಂಕುಮ ಎಂದರೆ ಏನು, ಅರಿಶಿನದಿಂದ ಅದು ಹೇಗೆ ಆಗುತ್ತದೆ, ಸುಗುಣನ ಬೆರಳು, ಗಣಪತಿ, ಎಲ್ಲವನ್ನೂ ವಿವರವಾಗಿ ಹೇಳಿದೆ. ಕೆನ್ ಒಂದು ಮಾತೂ ಬಿಡದೆ ಕೇಳಿದರು. ಕೇಳಿ, ಸ್ವಲ್ಪ ಯೋಚಿಸಿ, ತಗ್ಗಿದ ದನಿಯಲ್ಲಿ ಕೇಳಿದರು: "ಅದು ಹರಡುತ್ತದೆಯೇ?"

ಇಲ್ಲ ಎಂದು ನಾನು ಹೇಳಬೇಕಿತ್ತು. ನನ್ನ ಉದ್ಯೋಗದಲ್ಲಿ ಯಾವುದಕ್ಕೂ ಖಡಾಖಂಡಿತವಾಗಿ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. "ಸಾಮಾನ್ಯವಾಗಿ ಹರಡುವುದಿಲ್ಲ" ಎಂದೆ. ಆ ಸಾಮಾನ್ಯವಾಗಿ ಎಂಬುದು ಅವರೊಳಗೆ ಇಳಿದು ಕುಳಿತದ್ದು ನನ್ನ ಕಣ್ಣೆದುರೇ ಕಾಣಿಸಿತು. ನಾವು ಊರಿಗೆ ಹೊರಡುವವರೆಗೂ ಪ್ರತಿ ಬೆಳಗ್ಗೆ ನಾವಿಬ್ಬರೂ ಓಣಿಯಲ್ಲಿ ನಿಂತು, ಹಿಮ ಬಿದ್ದರೆ ಗಡ್ಡೆಗಳಿಗೆ ಏನಾದೀತು, ಬೀಳದಿದ್ದರೆ ಏನಾದೀತು ಎಂದು ಮಾತಾಡುತ್ತಿದ್ದೆವು. ಇಂಗ್ಲೆಂಡಿನ ನೆರೆಹೊರೆಯವರು ಮುಕ್ತವಾಗಿ ಬೆರೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವಿಷಯ ಸಿಗಬೇಕು, ಅಷ್ಟೆ.

ಮೊನ್ನೆ ಅಲೆವೂರಿನಲ್ಲಿ ಬಸ್ಸಿಗೆ ಕಾಯುತ್ತಿರುವಾಗ ಮೊಬೈಲಿಗೆ ಕೆನ್ ಅವರಿಂದ ಒಂದು ಚಿತ್ರ ಬಂತು. ಜೀನ್ ಬಾಯಮ್ಮನ ಗಿಡ, ಈ ವರ್ಷದ ಹೂಗಳು, ಮೇಲೆ ಕೊಡೆಗಳು. ಕೆಳಗೆ ಬರೆದಿದ್ದರು: "ಎಲ್ಲವೂ ಪೂರ್ತಿ ಬಿಳಿ. ಒಂದು ಚುಕ್ಕೆಯೂ ಇಲ್ಲ. ಇದು ಸರಿಯೇ?" ನಾನು ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಎಸಳನ್ನು ನೋಡಿದೆ. ಎಡಗಡೆಯ ಹೂವಿನ ಒಳಗೆ ಏನೋ ಮಸುಕಾಗಿತ್ತು, ನೆರಳೂ ಇರಬಹುದು. ಗಮನಿಸುತ್ತಾ ಇರಿ ಎಂದು ಉತ್ತರ ಬರೆದು ತಲೆ ಎತ್ತುವಷ್ಟರಲ್ಲಿ ಉಡುಪಿಯ ಬಸ್ಸು ಹೋಗಿಯಾಗಿತ್ತು.